ಕೋದಂಡರಾಮಪ್ಪನ ಸಕಾರ

೨೦೦೭ನೆಯ ಇಸವಿಯ ಮೇ ತಿಂಗಳು. ಉಪ್ಪಿನಕಾಯಿಗೆ ಮಾವಿನಕಾಯಿ ತರಲೆಂದು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದೆ. ಬಾದಾಮಿ ಮಾವಿನಹಣ್ಣಿನ ರಾಶಿಯ ಪಕ್ಕ ಸ್ಟೂಲಿನ ಮೇಲೆ ನಿಂತು ಒಬ್ಬಾತ ಹರಾಜು ಕೂಗುತ್ತಿದ್ದ.

"ಒಂದು ಫಲ! ಎರಡು ಫಲ!"

"ಏನ್ಲಾ ಕೋದಂಡಾ, ರಾಶಿ ಮಾರ್ತಿದ್ದೀಯೋ, ಎರಡೇ ಹಣ್ಣು ಮಾರ್ತಿದ್ದೀಯೋ?" ಎಂದ ಒಬ್ಬ ವ್ಯಾಪಾರಿ. ಮಂಡಿಯೆಲ್ಲ ನಕ್ಕಿತು.

"ನಗ್ರಪ್ಪಾ, ನಗ್ರಿ. ಹಲ್ಲಿರೋರು ನಗ್ರಿ!" ಎಂದು ಕೋದಂಡರಾಮಪ್ಪನೂ ನಕ್ಕ.

ಹಿಂದಿನ ವಾರ ಕಾಯಿ ಕೀಳುವ ದೋಟಿ ಬಡಿದು ಆತನ ಮೇಲ್ಸಾಲಿನ ಎದುರು ಹಲ್ಲು ಹೋಗಿತ್ತು. ಸಕಾರವು ದಂತ್ಯಾಕ್ಷರವೆಂದು ನಾನು ಶಾಲೆಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೆ. ಹಲ್ಲಿನೊಂದಿಗೆ ಅದೂ ಹೊರಟುಹೋಗಿ ‘ಸಲ’ ‘ಫಲ’ವಾಗುವುದನ್ನು ಅಂದು ಕಿವಿಯಾರೆ ಕೇಳಿದೆ.

ಆತನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ತೆಗೆದು ಮತ್ತೆ ಹಾಕಿಕೊಳ್ಳುವಂಥ ಹಲ್ಲೊಂದನ್ನು ಕಟ್ಟಿಸಿಕೊಂಡ. ಗಟ್ಟಿಯಾಗಿ ಕೂಗಿದಾಗಲೆಲ್ಲ ಅದು ಜಾರಿ ಹಣ್ಣಿನ ರಾಶಿಗೆ ಬೀಳುತ್ತಿತ್ತು. ಮಂಡಿಯ ಯಜಮಾನ ವೆಂಕಟರಾಯಪ್ಪ, ಬರುವ ವರ್ಷವೂ ಹೀಗೇ ಆದರೆ ಬೇರೆ ಕೂಗುವವನನ್ನು ಕರೆಯುವೆನೆಂದು ಹೇಳಿಬಿಟ್ಟ.

ನನ್ನ ಹಳೆಯ ವಿದ್ಯಾರ್ಥಿನಿ ವಿಭಾ ಕೋಲಾರದಲ್ಲಿ ದಂತವೈದ್ಯೆ. ಆತನನ್ನು ಅವಳಲ್ಲಿಗೆ ಕರೆದುಕೊಂಡು ಹೋದೆ. ಅವಳು ದವಡೆಯ ಮೂಳೆಯಲ್ಲಿ ಒಂದು ಸ್ಕ್ರೂ ಕೂರಿಸಿ, ಮೂಳೆ ಅದನ್ನು ಹಿಡಿದುಕೊಳ್ಳಲೆಂದು ತಿಂಗಳುಗಟ್ಟಲೆ ಬಿಟ್ಟಳು. ಮರುವರ್ಷ ಮಂಡಿ ಆರಂಭವಾಗುವ ಹೊತ್ತಿಗೆ ಸ್ಕ್ರೂ ಮತ್ತು ಹೊಸ ಹಲ್ಲನ್ನು ಸೇರಿಸುವ ಕೊಂಡಿಯೊಂದೇ ಬಾಕಿ. ವೈದ್ಯರು ಅದಕ್ಕೆ ಅಬಟ್‌ಮೆಂಟ್ ಎನ್ನುತ್ತಾರೆ.

"ದಪ್ಪಂದು ಇಲ್ಲೇ ಇದೆ. ನಿಮಗೆ ಒಳ್ಳೇದು ತೆಳುಂದು. ಅದು ಬೆಂಗಳೂರಿಂದ ಬರೋಕೆ ಎರಡು ವಾರ ಆಗುತ್ತೆ," ಎಂದಳು ವಿಭಾ.

"ದಪ್ಪಂದೇ ಹಾಕಮ್ಮಾ! ಫೋಮವಾರ ಮಂಡಿ ಶುರು. ಕೂಗೋ ಬಾಯಿಗೆ ಕಂಬ ದಪ್ಪ ಇರ್ಬೇಕು."

"ಸ್ಕ್ರೂ ಬಾಯಷ್ಟೇ ಅಗಲದ ಕೊಂಡಿ ಹಾಕಿದ್ರೆ, ಎರಡೂ ಸೇರೋ ಸಂದು ಮೂಳೆಯ ಅಂಚಿಗೇ ಬರುತ್ತೆ. ಆ ಸಂದಲ್ಲಿ ಕ್ರಿಮಿ ಕೂತು ಮೂಳೆ ತಗ್ಗಿ ಅಲ್ಲಾಡಬಹುದು. ತೆಳು ಕೊಂಡಿ ಆದ್ರೆ ಸಂದು ಒಳಕ್ಕೆ ಸರಿಯುತ್ತೆ, ಸುತ್ತ ವಸಡು ಬಿಗಿಯಾಗಿ ಕೂತ್ಕೊಳ್ಳುತ್ತೆ. ಒಂದ್ಸಲ ಹಾಕಿದ್ಮೇಲೆ ಪದೇ ಪದೇ ಬಿಚ್ಚೋದೂ ಬೇಡ."

"ಅಲ್ಲಾಡಿದ್ರೇನಮ್ಮಾ? ಇನ್ನೊಂದೇಟು ಬಡಿದ್ರೆ ಕೂತ್ಕೊಳ್ತದೆ."

ವಿಭಾ ಬೆಚ್ಚಿ ನನ್ನ ಮುಖ ನೋಡಿದಳು. ನನಗೆ ಥಟ್ಟನೆ ಹೊಳೆಯಿತು. ಮನೆಯಲ್ಲಿ ತೆಲುಗಾಡುವ ಆತನ ಕಿವಿಗೆ ‘ಮೂ’ ಎಂಬುದು ‘ಮೊ’ ಆಗಿ ಬಿದ್ದಿತ್ತು.

"ಮೊಳೆ ಅಲ್ಲ ಕಣಯ್ಯಾ, ಮೂಳೆ! ಎಮುಕ, ಎಮುಕ!"

"ಅಯ್ಯೋ ದೇವುಡಾ! ಎಮುಕನಾ?" ಕೋದಂಡರಾಮಪ್ಪ ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡ. "ಇಷ್ಟೊತ್ತೂ ಕಬ್ಬಿಣದ ಮೊಳೆ ಅಂದ್ಕೊಂಡಿದ್ದೆ! ಎಮುಕ ಕರಗಿದ್ರೆ ಹಲ್ಲು ಎಲ್ಲಿ ನಿಲ್ತದೆ ಮೇಷ್ಟ್ರೇ?"

ವಿಭಾ ನಕ್ಕು ನಕ್ಕು ಕುರ್ಚಿಯ ಮೇಲೆ ಕುಳಿತುಬಿಟ್ಟಳು.

ಕೋದಂಡರಾಮಪ್ಪ ಬೆರಳು ಮಡಿಸಿ ದಿನ ಎಣಿಸಿದ. ಮಂಡಿ ತಪ್ಪಿದರೆ ಜಾಗವೂ ತಪ್ಪೀತೆಂಬ ಭಯ. ಕೊನೆಗೆ, "ತೆಳುಂದೇ ಹಾಕಮ್ಮಾ. ಕಾಯ್ತೀನಿ," ಎಂದ.

ಸೋಮವಾರದಿಂದ ಬೇರೊಬ್ಬ ಕೂಗಿದ. ಅವನ ಸಕಾರ ಶುದ್ಧವಾಗಿತ್ತು. ದನಿ ಮಾತ್ರ ಪಕ್ಕದ ರಾಶಿಗೂ ಮುಟ್ಟುತ್ತಿರಲಿಲ್ಲ. ಎರಡು ವಾರ ಕಳೆದು ಕೋದಂಡರಾಮಪ್ಪ ಹೊಸ ಹಲ್ಲಿನೊಂದಿಗೆ ಸ್ಟೂಲು ಹತ್ತಿ, "ಒಂದು ಸಲ!" ಎಂದಾಗ ವ್ಯಾಪಾರಿಗಳು ಶಿಳ್ಳೆ ಹೊಡೆದರು. ವೆಂಕಟರಾಯಪ್ಪ, "ಇಷ್ಟು ದಿನ ಎಲ್ಲಿ ಸತ್ತಿದ್ಯೋ?" ಎಂದು ಬೈದು ಟೀ ತರಿಸಿದ.

ಈಗಲೂ ಆತ ವರ್ಷಕ್ಕೊಮ್ಮೆ ವಿಭಾಳ ಬಳಿ ಎಕ್ಸ್‌ರೇ ತೆಗೆಸುತ್ತಾನೆ. ಮೂಳೆ ಇದ್ದಲ್ಲೇ ಇದೆ. ಸುಗ್ಗಿಯಲ್ಲಿ ಮಂಡಿಯಲ್ಲಿ ಕೂಗುತ್ತಾನೆ. ಉಳಿದ ಕಾಲದಲ್ಲಿ ಗೌನಿಪಲ್ಲಿಯ ತೋಟದಲ್ಲಿದ್ದು ಕೋತಿಗಳನ್ನು ಅಚ್ಚ ತೆಲುಗಿನಲ್ಲಿ ಗದರಿಸುತ್ತಾನೆ. ಆ ದನಿಗೆ ಆಚೆ ತೋಟದ ಕೋತಿಗಳೂ ಮರ ಬಿಟ್ಟು ಇಳಿಯುತ್ತವೆಯಂತೆ.