ಮುದ್ದೆ ಹೇಳಿದ ಸಾಕ್ಷಿ

ನನ್ನ ಬಾಯಲ್ಲಿ ಬಲಗಡೆ, ಕೆಳದವಡೆಯಲ್ಲಿ ಒಂದು ಖಾಲಿ ನಿವೇಶನವಿದೆ. ಹಳೆಯ ಮನೆ ಬಿದ್ದ ಜಾಗವನ್ನು ನೋಡಿಬರುವ ವಾರಸುದಾರನಂತೆ ನಾಲಗೆ ದಿನಕ್ಕೆ ಹತ್ತಾರು ಸಲ ಅಲ್ಲಿಗೆ ಹೋಗಿ, ಒಂದು ಸುತ್ತು ಹಾಕಿ, ಸುಮ್ಮನೆ ವಾಪಸಾಗುತ್ತದೆ. ಆ ಹಲ್ಲು ತಾನಾಗಿ ಹೋದದ್ದಲ್ಲ, ವಯಸ್ಸಾಗಿ ಹೋದದ್ದೂ ಅಲ್ಲ. ನಾನು ಒಬ್ಬ ವೈದ್ಯೆಯ ಮುಂದೆ ಸುಳ್ಳು ಸಾಕ್ಷಿ ನುಡಿದದ್ದರಿಂದ ಹೋಯಿತು. ಸುಳ್ಳೆಂದು ತಿಳಿದು ನುಡಿದದ್ದಲ್ಲ ಎಂಬುದೊಂದೇ ನನ್ನ ಪರವಾಗಿರುವ ಅಂಶ. ಹಲ್ಲಿನ ನ್ಯಾಯಾಲಯದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ದಿನಗಳು. ನಾನು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿವರ್ಷ ಬಣ್ಣದ ಸೀಮೆಸುಣ್ಣ ಹಿಡಿದು ಹಲ್ಲಿನ ಸೀಳುನೋಟವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೊರಗೆ ಬಿಳಿ ಕವಚ, ಅದರೊಳಗೆ ಹಳದಿ ಪದರ, ನಡುವೆ ಕೆಂಪಗೆ ನರ ಮತ್ತು ರಕ್ತನಾಳಗಳ ತಿರುಳು, ಅದು ಕೆಳಗಿಳಿದು ಬೇರಿನ ತುದಿಯವರೆಗೆ ಹೋಗುವ ಸಣ್ಣ ನಾಳ. ಚಿತ್ರ ಚೆನ್ನಾಗಿ ಬರುತ್ತಿತ್ತು. ಅದು ನನ್ನ ಬಾಯಲ್ಲೂ ಇದೆ ಎಂಬ ವಿಷಯ ಮಾತ್ರ ನನಗೆ ಹೊಳೆದಿರಲಿಲ್ಲ.

ಭಾನುವಾರ ಬಂತೆಂದರೆ ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ, ಹರದನಹಳ್ಳಿಯ ಅಕ್ಕನ ಮನೆಗೆ ಹೋಗುವುದು ನನ್ನ ರೂಢಿ. ಊಟವಾದ ಮೇಲೆ ಜಗಲಿಯಲ್ಲಿ ಭಾವ ಸಿದ್ದಮಲ್ಲಪ್ಪನವರು ಅಡಕತ್ತರಿ ತೆಗೆದು, ಒಂದೇ ಒಂದು ಅಡಿಕೆಯನ್ನು ಎರಡು ಹೋಳು ಮಾಡಿ, ಒಂದನ್ನು ನನ್ನ ಕೈಗಿಟ್ಟು ಇನ್ನೊಂದನ್ನು ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಇದು ತಪ್ಪಿರಲಿಲ್ಲ. ಒಮ್ಮೆ ಅವರ ಮಗಳ ಮದುವೆಯ ಮಾತಿನಲ್ಲಿ ನಮ್ಮಿಬ್ಬರ ನಡುವೆ ಜಗಳವಾಗಿ ನಾಲ್ಕು ತಿಂಗಳು ಮಾತು ಬಿಟ್ಟಿದ್ದೆವು. ಆಗಲೂ ಅಡಿಕೆ ಎರಡಾಗುತ್ತಿತ್ತು, ನನ್ನ ಪಾಲು ಅಕ್ಕನ ಕೈಯಲ್ಲಿ ಬರುತ್ತಿತ್ತು. ಕಡೆಗೊಂದು ದಿನ ಅಕ್ಕ, ‘ನಾನೇನ್ ನಿಮ್ಮಿಬ್ರಿಗೂ ಪೋಸ್ಟು ಆಕಕ್ಕೆ ಉಟ್ಟಿದ್ದೀನಾ? ಇನ್ಮ್ಯಾಕೆ ನೀವೇ ಈಸ್ಕಳಿ’ ಎಂದು ಹೋಳನ್ನು ನಮ್ಮಿಬ್ಬರ ನಡುವೆ ಇಟ್ಟು ಒಳಗೆ ಹೋದಳು. ಅಲ್ಲಿಗೆ ರಾಜಿಯಾಯಿತು. ನನ್ನ ಎಡದವಡೆಯ ಎರಡು ಹಲ್ಲುಗಳನ್ನು ಹಿಂದೆಯೇ ಕೀಳಿಸಿದ್ದೆ. ಅಗಿಯುವ ಭಾರವೆಲ್ಲ ಬಲಗಡೆಯ ಆ ಒಂದು ಹಲ್ಲಿನ ಮೇಲಿತ್ತು. ಅದು ಹೋದರೆ ಹೋಗುವುದು ಬರಿಯ ಹಲ್ಲಲ್ಲ, ಭಾನುವಾರದ ನನ್ನ ಅರ್ಧ ಪಾಲು ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಒಂದೇ ಅಡಿಕೆಯನ್ನು ಅಷ್ಟು ವರ್ಷ ಹಂಚಿಕೊಂಡವರಿಗೆ ಹಲ್ಲುನೋವು ಒಂದೇ ತಿಂಗಳಲ್ಲಿ ಬಂದದ್ದು ನ್ಯಾಯವೇ. ನನಗೆ ಕೆಳಗೆ, ಭಾವನಿಗೆ ಮೇಲೆ. ಗುಂಡ್ಲುಪೇಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ, ವಯನಾಡಿನ ಕಡೆಯ ಡಾಕ್ಟರಮ್ಮ ಒಬ್ಬರು ಹೊಸದಾಗಿ ದಂತಚಿಕಿತ್ಸಾಲಯ ತೆರೆದಿದ್ದರು. ಬಂದು ಮೂರು ತಿಂಗಳೂ ಆಗಿರಲಿಲ್ಲ. ಇಬ್ಬರೂ ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆವು.

ಭಾವ ಕುರ್ಚಿಯಲ್ಲಿ ಕೂರುವ ಮೊದಲೇ ಕರಾರು ಹಾಕಿದರು. ‘ಮ್ಯಾಗ್ಳ ಅಲ್ಲು ಕಿತ್ರೆ ಕಣ್ಣು ಓಯ್ತವೆ ಕಣವ್ವ. ಕೀಳದೊಂದು ಬುಟ್ಟು ಇನ್ನೇನಾರ ಮಾಡು.’

ನಾನು ವಿಜ್ಞಾನದ ಮೇಷ್ಟ್ರಿಗೆ ತಕ್ಕಂತೆ ನಕ್ಕೆ. ಡಾಕ್ಟರಮ್ಮ ನಗಲಿಲ್ಲ. ಕಣ್ಣಿಗೂ ಹಲ್ಲಿಗೂ ಸಂಬಂಧವಿಲ್ಲ, ಆದರೆ ಕೀಳುವ ಅಗತ್ಯವೂ ಇಲ್ಲ, ಇಬ್ಬರ ಹಲ್ಲನ್ನೂ ಉಳಿಸಬಹುದು ಎಂದರು. ಹುಳುಕು ತಿರುಳಿನವರೆಗೆ ಹೋಗಿದೆ, ಒಳಗಿನ ನರ ಕೊಳೆತಿದೆ, ಅದನ್ನು ತೆಗೆದು, ಬೇರಿನ ನಾಳವನ್ನು ಕೂದಲಿನಂಥ ಸೂಜಿಗಳಿಂದ ಉಜ್ಜಿ, ಔಷಧಿ ಇಟ್ಟು, ತುಂಬಿ ಮುಚ್ಚಬೇಕು, ಆಮೇಲೆ ಮೇಲೊಂದು ಕ್ಯಾಪು. ಮೂರು ನಾಲ್ಕು ಸಲ ಬರಬೇಕಾಗುತ್ತದೆ.

‘ಬೇರಿನ ಜೀವ ತಗದ್ಮ್ಯಾಲೆ ಅಲ್ಲು ಎಂಗವ್ವ ನಿಂತದೆ?’ ಅರಿಸಿನ ಬೆಳೆಯುವ ಭಾವನ ಪ್ರಶ್ನೆ.

‘ದವಡೆ ಹಿಡಿದಿರುತ್ತದೆ. ನಿಲ್ಲುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಒಣಗಿದ ಹಾಗೆ ಆಗುತ್ತದೆ, ಬೇಗ ಸೀಳುತ್ತದೆ. ಅದಕ್ಕೇ ಕ್ಯಾಪ್ ಬೇಕು.’

‘ಓ! ಬೇಲಿ ಗೂಟ ಅನ್ನು!’ ಭಾವನ ಮುಖ ಅರಳಿತು. ಅವರ ಹೊಲದ ಬೇಲಿಯನ್ನು ನಾನೂ ನೋಡಿದ್ದೆ. ಗೂಟದ ಬುಡವನ್ನು ಸುಟ್ಟು, ಡಾಂಬರು ಬಳಿದು ನೆಡುತ್ತಿದ್ದರು. ನೆತ್ತಿಯ ಸೀಳಿಗೆ ಮಳೆನೀರು ಇಳಿಯದಂತೆ ಹಳೆಯ ತಗಡಿನ ತುಂಡೊಂದನ್ನು ಬಗ್ಗಿಸಿ ಹೊಡೆಯುತ್ತಿದ್ದರು. ಸತ್ತ ಮರ ಹದಿನೈದು ವರ್ಷ ನಿಲ್ಲುತ್ತಿತ್ತು. ದಂತವೈದ್ಯ ಕಾಲೇಜಿನಲ್ಲಿ ವರ್ಷಗಟ್ಟಲೆ ಹೇಳಿಕೊಡುವುದು ಅವರಿಗೆ ಒಂದು ನಿಮಿಷದಲ್ಲಿ ಅರ್ಥವಾಯಿತು. ಬೋರ್ಡಿನ ಮೇಲೆ ಬರೆಯುತ್ತಿದ್ದ ನನಗೆ ಆಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಚಿಕಿತ್ಸೆಯೆಂದರೆ ಕುರ್ಚಿಗೆ ಕಟ್ಟಿಹಾಕಿ ಮಿದುಳಿನ ತನಕ ತೋಡುತ್ತಾರೆಂಬ ಸುದ್ದಿ ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಪ್ರಚಲಿತವಾಗಿತ್ತು. ಅದನ್ನು ನಂಬಿದ್ದವರಲ್ಲಿ ನಾನೂ ಒಬ್ಬ. ನಡೆದದ್ದಾದರೂ ಏನು? ಮರಗಟ್ಟುವ ಸೂಜಿಮದ್ದು ಒಸಡಿಗೆ ಹೋಗುವಾಗ ಇರುವೆ ಕಚ್ಚಿದಂತಾಯಿತು, ಅಷ್ಟೇ. ಆಮೇಲೆ ತುಟಿ ನನ್ನದೋ ಪಕ್ಕದ ಮನೆಯವರದೋ ತಿಳಿಯಲಿಲ್ಲ. ನೋವಿನ ಕಾಟದಲ್ಲಿ ಮೂರು ದಿನದಿಂದ ಕಣ್ಣು ಮುಚ್ಚಿರದ ನಾನು ಬಾಯಿ ತೆರೆದುಕೊಂಡೇ ಒಂದು ಜೊಂಪು ತೆಗೆದೆ. ಡಾಕ್ಟರಮ್ಮ ಒಳಗಿನ ಕೊಳೆ ತೆಗೆದು, ಮದ್ದಿಟ್ಟು, ತಾತ್ಕಾಲಿಕ ಸಿಮೆಂಟು ಮೆತ್ತಿ, ‘ವಾರ ಬಿಟ್ಟು ಬನ್ನಿ. ಆ ಕಡೆ ಗಟ್ಟಿ ಪದಾರ್ಥ ಬೇಡ’ ಎಂದು ಕಳಿಸಿದರು. ಅಡಿಕೆ ಕಡಿಮೆ ಮಾಡಿ ಎಂದೂ ಹೇಳಿದರು. ಇಬ್ಬರೂ ವಿನಯದಿಂದ ತಲೆಯಾಡಿಸಿದೆವು.

ಮರುದಿನ ನೋವಿರಲಿಲ್ಲ. ಅದೇ ನನ್ನ ಪತನಕ್ಕೆ ಮೂಲ. ನೋವು ನಿಂತಿತು ಎಂದರೆ ರೋಗ ಹೋಯಿತು ಎಂದು ನಾನು ತೀರ್ಮಾನಿಸಿದೆ. ವಾಸ್ತವವಾಗಿ ಹೋಗಿದ್ದವನು ನೋವನ್ನು ವರದಿ ಮಾಡುವ ನೌಕರ. ಕೂಗುವ ಕಾವಲುಗಾರನನ್ನು ಮನೆಗೆ ಕಳಿಸಿ, ಕೂಗು ಕೇಳುತ್ತಿಲ್ಲವಾದ್ದರಿಂದ ಕಳ್ಳರಿಲ್ಲ ಎಂದು ನೆಮ್ಮದಿಯಿಂದಿರುವ ಯಜಮಾನನ ಸ್ಥಿತಿ ನನ್ನದಾಯಿತು. ಪರೀಕ್ಷೆ ಪತ್ರಿಕೆ ತಿದ್ದುವ ನೆಪದಲ್ಲಿ ಒಂದು ವಾರ ಐದು ವಾರವಾಯಿತು. ಅಷ್ಟರಲ್ಲಿ ಭಾವ ಹರದನಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದು ಮೂರು ಸಲ ಕುರ್ಚಿ ಹತ್ತಿ, ಕ್ಯಾಪಿಗೆ ಅಚ್ಚನ್ನೂ ಕೊಟ್ಟಿದ್ದರು. ಕಡೆಗೆ ಅವರೇ ಶಾಲೆಯ ಗೇಟಿನಲ್ಲಿ ನಿಂತು ನನ್ನನ್ನು ಎಳೆದುಕೊಂಡು ಹೋದರು.

‘ಆ ಸೈಡಿನಲ್ಲಿ ಊಟ ಮಾಡುವಾಗ ನೋವುಂಟಾ ಸಾರ್?’ ಎಂದು ಡಾಕ್ಟರಮ್ಮ ಕೇಳಿದರು.

‘ಕಿಂಚಿತ್ತೂ ಇಲ್ಲ. ಒಂದು ತಿಂಗಳಿಂದ ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣುತ್ತಿದ್ದೇನೆ’ ಎಂದೆ, ಪ್ರಯೋಗಶಾಲೆಯ ಫಲಿತಾಂಶ ಓದುವ ದನಿಯಲ್ಲಿ.

ಅವರಿಗೆ ಆಶ್ಚರ್ಯವಾಯಿತು. ಆ ಸಿಮೆಂಟು ಅಷ್ಟು ತಡೆಯುವುದಿಲ್ಲವಲ್ಲ ಎನ್ನುತ್ತ ಅದನ್ನು ತೆಗೆದು, ನಾಳವನ್ನು ಮತ್ತೆ ಶುಚಿಮಾಡಿ, ಬೇರಿನ ತುದಿಯವರೆಗೆ ರಬ್ಬರಿನಂಥ ಕಡ್ಡಿ ತುಂಬಿ, ಶಾಶ್ವತವಾಗಿ ಮುಚ್ಚಿದರು. ಹದಿನೈದು ದಿನದೊಳಗೆ ಕ್ಯಾಪಿಗೆ ಬನ್ನಿ, ಮರೆಯಬೇಡಿ ಎಂದರು.

ಮೆಟ್ಟಿಲಿಳಿಯುತ್ತ ಭಾವ ನನ್ನನ್ನು ತಡೆದು ನಿಲ್ಲಿಸಿದರು. ‘ಅಲ್ಲ ಕಣ್ಲಾ ಮೇಷ್ಟ್ರೇ, ಯಾವತ್ಲಾ ಮುದ್ದೆ ಅಗ್ದಿದ್ದೀಯೆ ನೀನು?’

ನಾನು ಮಾತು ಹಾರಿಸಿದೆ. ಮುದ್ದೆಯ ಶಾಸ್ತ್ರ ಗೊತ್ತಿಲ್ಲದವನೇ ನಾನು? ತುತ್ತು ಮುರಿಯಬೇಕು, ಬೆರಳಲ್ಲೇ ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಈ ಇಡೀ ಸಮಾರಂಭಕ್ಕೆ ಹಲ್ಲಿಗೆ ಆಹ್ವಾನವೇ ಇಲ್ಲ. ಮುದ್ದೆಯನ್ನು ಅಗಿಯುವವನು ಹೊರಗಿನವನೆಂದು ಪಂಕ್ತಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಅಂದರೆ ಒಂದು ತಿಂಗಳು ನಾನು ಪರೀಕ್ಷಿಸಿದ್ದು ನನ್ನ ಗಂಟಲನ್ನು, ಪಾಸಾದದ್ದೂ ಅದೇ. ಅಂಕಪಟ್ಟಿಯನ್ನು ಮಾತ್ರ ಹಲ್ಲಿನ ಹೆಸರಿಗೆ ಬರೆದೆ. ಆದರೂ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಾನೇ ಅದನ್ನು ನಂಬತೊಡಗಿದ್ದೆ. ಇಷ್ಟು ಬಲವಾದ ಹಲ್ಲಿಗೆ ಟೋಪಿಯ ಆಡಂಬರವೇಕೆ ಎಂದು ಹದಿನೈದು ದಿನವನ್ನು ಆರು ತಿಂಗಳು ಮಾಡಿದೆ.

ಅದೊಂದು ಭಾನುವಾರ ಭಾವ ಎಂದಿನಂತೆ ಅಡಿಕೆಯನ್ನು ಎರಡು ಮಾಡಿದರು. ಚಿಕಿತ್ಸೆ ಶುರುವಾದಂದಿನಿಂದ ಕೆನ್ನೆಯಲ್ಲಿಟ್ಟು ಚೀಪುತ್ತಿದ್ದ ನನ್ನ ಪಾಲನ್ನು ಅಂದು ಧೈರ್ಯವಾಗಿ ಬಲಗಡೆಗೆ ತಳ್ಳಿ ಕಡಿದೆ. ಒಣಸೌದೆ ಸೀಳಿದಂಥ ಸದ್ದು. ಭಾವ ಕತ್ತೆತ್ತಿ ನೋಡಿದರು. ಅಡಿಕೆ ಮುರಿಯಿತೆಂದು ಬೆರಳು ಹಾಕಿ ತೆಗೆದರೆ ಅಡಿಕೆಯ ಹೋಳು ಹಾಗೆಯೇ ಇತ್ತು. ಅದರ ಜೊತೆಗೆ ಬಂದದ್ದು ಹಲ್ಲಿನ ಅರ್ಧ ಗೋಡೆ. ನೋವು ಮಾತ್ರ ಒಂದಿಷ್ಟೂ ಇಲ್ಲ. ಅದೇ ನನ್ನನ್ನು ಹೆಚ್ಚು ಕಲಕಿದ್ದು. ನನಗೆ ಐವತ್ತು ಸಮೀಪಿಸುವವರೆಗೆ ಜೊತೆಗಿದ್ದ ಹಲ್ಲು ಒಂದು ಮಾತೂ ಹೇಳದೆ ಎರಡಾಗಿತ್ತು. ದೂರು ಹೇಳುವ ಬಾಯನ್ನು ತೆಗೆಸಿದ್ದವನು ನಾನೇ.

ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದರು. ಸೀಳು ಬೇರಿನವರೆಗೆ ಇಳಿದಿತ್ತು. ಇನ್ನು ಕೀಳುವುದೊಂದೇ ದಾರಿ. ‘ತಿಂಗಳು ಊಟ ಮಾಡಿದೆ ಅಂದಿದ್ದಿರಲ್ಲ ಸಾರ್?’ ಎಂದರು, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ನೊಂದು. ಆಗ ಒಪ್ಪಿಕೊಂಡೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ ಎಂದೆ. ಅವರು ಕೈಯಲ್ಲಿದ್ದ ಇಕ್ಕಳವನ್ನು ತಟ್ಟೆಗಿಟ್ಟು ನನ್ನನ್ನೇ ನೋಡಿದರು. ‘ಅಗಿಯುವುದೇ ಇಲ್ಲವಾ?’ ಆ ದಿನದಿಂದ ಗುಂಡ್ಲುಪೇಟೆಯ ಯಾವ ರೋಗಿ ‘ಊಟ ಮಾಡುತ್ತಿದ್ದೇನೆ’ ಎಂದರೂ ‘ಅಗಿದಾ, ನುಂಗಿದಾ?’ ಎಂಬ ಮರುಪ್ರಶ್ನೆ ಬರುತ್ತದೆಂದು ಕೇಳಿದ್ದೇನೆ. ದಂತವೈದ್ಯಕ್ಕೆ ನನ್ನ ಕೊಡುಗೆ ಅಷ್ಟು.

ಮುಂದಿನ ಭಾನುವಾರ ಹೋಗಲೋ ಬೇಡವೋ ಎಂದುಕೊಂಡೇ ಹೋದೆ. ಊಟವಾಯಿತು. ಭಾವ ಅಡಕತ್ತರಿ ತೆಗೆಯಲಿಲ್ಲ. ನಾನು ಬೇಲಿಯ ಕಡೆ ಮುಖ ಮಾಡಿ ಕೂತೆ. ತಗಡಿನ ಟೋಪಿ ತೊಟ್ಟ ಗೂಟಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಅಕ್ಕ ಅಟ್ಟದಿಂದ ನಮ್ಮವ್ವನ ಹಳೆಯ ಕುಟ್ಟಾಣಿಯನ್ನು ಇಳಿಸಿ, ಸೆರಗಿನಲ್ಲಿ ಒರೆಸಿ ತಂದಿಟ್ಟಳು. ಹಲ್ಲು ಹೋದ ಮೇಲೆ ಅವ್ವ ಅದರಲ್ಲೇ ಎಲೆಅಡಿಕೆ ಕುಟ್ಟಿ ಹಾಕಿಕೊಳ್ಳುತ್ತಿದ್ದಳು. ಭಾವ ಇಡೀ ಅಡಿಕೆಯನ್ನೇ ಅದರೊಳಗೆ ಹಾಕಿ ಕುಟ್ಟತೊಡಗಿದರು.

‘ನಿಮಗೆ ಹಲ್ಲಿದೆಯಲ್ಲ ಭಾವ, ಕ್ಯಾಪೂ ಇದೆ. ನನ್ನ ಪಾಲು ಮಾತ್ರ ಕುಟ್ಟಿ.’

‘ಸುಮ್ಕೆ ಕೂತ್ಕಳ್ಲಾ. ಒಂದೇ ಅಡ್ಕೆ ಎಲ್ಡು ರುಚಿ ಆಗ್ಬಾರ್ದು.’

ಪುಡಿಯನ್ನು ಅಂಗೈ ಮೇಲೆ ಸುರಿದು, ಬೆರಳಿನಿಂದ ನಡುವೆ ಗೆರೆ ಎಳೆದು, ಅರ್ಧವನ್ನು ನನ್ನ ಕೈಗೆ ಹಾಕಿದರು. ಉಳಿದದ್ದನ್ನು ತಮ್ಮ ಬಾಯಿಗೆ ಹಾಕಿಕೊಂಡು, ಗಟ್ಟಿಯಾದ ಹಲ್ಲಿದ್ದೂ ಅಗಿಯದೆ, ನನ್ನಂತೆಯೇ ನಾಲಗೆಯಲ್ಲಿ ನೆನೆಸುತ್ತ ಕೂತರು.