ಪಕ್ಕದ ಮನೆಯ ಕಾವಲಿ

ಸಿಡ್ನಿಯಿಂದ ಬಂದ ಪಾರ್ಸೆಲ್ ಬಿಚ್ಚಿದಾಗ ಮೊದಲು ಹೊರಬಂದದ್ದು ವಾಸನೆ. ಬೆಣ್ಣೆ, ಏಲಕ್ಕಿ, ಸ್ವಲ್ಪ ಸೀದ ಸಕ್ಕರೆ... ಒಳಗಿದ್ದದ್ದು ಉದ್ದ ಹಿಡಿಯ, ಕಪ್ಪಗೆ ಪಳಗಿದ ಚಿಕ್ಕ ಕಾವಲಿ. ಇಲ್ಲಿ ಬಾಕ್ಸ್ ಹಿಲ್‌ನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದು, ಆಮೇಲೆ ಸಿಡ್ನಿಗೆ ಹೋದ ಐಸ್‌ಲ್ಯಾಂಡಿನ ಅಜ್ಜಿಯದು. ಅವರ ಮಗಳು ಚೀಟಿ ಬರೆದಿದ್ದಳು: ಅಮ್ಮ ಹೋದ ತಿಂಗಳು ತೀರಿಕೊಂಡರು, ಇದು ನಿಮಗೇ ಸೇರಬೇಕೆಂದಿದ್ದರು.

ಆ ಕಾವಲಿಯಲ್ಲಿ ಅಜ್ಜಿ ಪ್ಯಾನ್‌ಕೇಕ್ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನೀರು ದೋಸೆಗಿಂತ ತೆಳ್ಳಗೆ. ಒಂದು ಸೌಟು ಹಿಟ್ಟು ಸುರಿದು ಕಾವಲಿಯನ್ನೇ ಸುತ್ತ ವಾಲಿಸುವರು, ಚೂಪು ಚಾಕುವಿನಿಂದ ಮಗುಚುವರು, ಬಿಸಿಯಿರುವಾಗಲೇ ಸಕ್ಕರೆ ಉದುರಿಸಿ ಸುರುಳಿ ಸುತ್ತುವರು. ಆಮೇಲೆ ಕಾವಲಿಯನ್ನು ಕಾಗದದಲ್ಲಿ ಒರೆಸಿಡುವರು. ನೀರು ಸೋಕಿಸಿದರೆ ನನ್ನ ಜೊತೆ ಮಾತು ಬಿಡುವುದಾಗಿ ಹೆದರಿಸಿದ್ದರು.

ಐದು ವರ್ಷದ ಹಿಂದೆ, ಚಳಿಗಾಲದಲ್ಲಿ, ಉಡುಪಿಯಿಂದ ನನ್ನ ಅಮ್ಮ ಬಂದಿದ್ದಳು. ಏಕಾದಶಿ ಉಪವಾಸ ತಪ್ಪಿಸದವಳು, ಬೇಕರಿಯ ಬನ್ನನ್ನೂ ಅನುಮಾನದಿಂದ ನೋಡುವವಳು. ಇಲ್ಲಿಗೆ ಬಂದ ಮೇಲೆ ಊಟವೇ ಸೇರದೆ ಸೊರಗುತ್ತಿದ್ದಳು. ಒಂದು ಸಂಜೆ ಅಜ್ಜಿ ಕೊಟ್ಟ ಪ್ಯಾನ್‌ಕೇಕಿನ ತಟ್ಟೆ ತಂದಿಟ್ಟಾಗ, ಮೊಟ್ಟೆ ಇಲ್ಲವಲ್ಲ ಎಂದು ಕೇಳಿದಳು. ಅಜ್ಜಿ ಮೂರು ಮೊಟ್ಟೆ ಒಡೆದದ್ದನ್ನು ನಾನೇ ನೋಡಿದ್ದೆ. ಫ್ರಿಡ್ಜ್ ಬಾಗಿಲು ತೆಗೆದು ತಲೆ ಒಳಗಿಟ್ಟು, "ಇಲ್ಲಮ್ಮ" ಅಂದುಬಿಟ್ಟೆ.

ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು. ಅಮ್ಮ ತಿಂದಳಲ್ಲ ಎಂಬ ಸಂತೋಷಕ್ಕೆ ನಾನು ಅಜ್ಜಿಯ ಮನೆಗೆ ಓಡಿ, ಅಮ್ಮ ಕೇಳಿದರೆ ಮೊಟ್ಟೆ ಹಾಕಿಲ್ಲ ಎನ್ನಿ ಎಂದು ಗೋಗರೆದೆ. ಅಜ್ಜಿ ಕಾವಲಿ ಒರೆಸುತ್ತ ನನ್ನನ್ನೇ ನೋಡಿದರು. ಮರುದಿನದಿಂದ ಅಮ್ಮ ಮಧ್ಯಾಹ್ನವಾದರೆ ಅವರ ಅಡುಗೆಮನೆಯಲ್ಲಿ. ಇಬ್ಬರಿಗೂ ಬರುವ ಭಾಷೆ ಒಂದೇ ಒಂದೂ ಇರಲಿಲ್ಲ... ಅಮ್ಮ ಗೆಲುವಾದಳು. ನನ್ನ ನಿದ್ದೆ ಮಾತ್ರ ಕೆಟ್ಟಿತು. ಊರಿಗೆ ಮರಳಿದ ಮೇಲೂ ಅವಳು ಫೋನಿನಲ್ಲಿ ಇವತ್ತು ಏಕಾದಶಿ ಎಂದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಕಾವಲಿಯ ಅಡಿಯಲ್ಲಿ ಇನ್ನೊಂದು ಕಾಗದವಿತ್ತು. ಅಜ್ಜಿಯ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಪ್ಯಾನ್‌ಕೇಕ್ ಮಾಡುವ ಕ್ರಮ. ಮೈದಾ, ಹಾಲು, ಕರಗಿಸಿದ ಬೆಣ್ಣೆ, ಏಲಕ್ಕಿ, ಮೂರು ಮೊಟ್ಟೆ. ಅದರ ಕೆಳಗೆ: ಪಕ್ಕದ ಮನೆಯ ಹುಡುಗಿಯ ತಾಯಿಗೆ ಮೊಟ್ಟೆ ಬೇಡ, ಮಜ್ಜಿಗೆ ಹಾಕುವುದು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಹಾಗೇ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

"ನಂಗೆ ಅವತ್ತೇ ಗೊತ್ತಾಗಿತ್ತು ಮಾರಾಯ್ತಿ" ಅಂದಳು ಅಮ್ಮ. "ಸುಳ್ಳು ಹೇಳುವಾಗ ಫ್ರಿಡ್ಜಿನೊಳಗೆ ತಲೆ ಹಾಕುವ ಕ್ರಮ ಉಂಟಲ್ಲ ನಿಂದು."

"ಮತ್ತೆ ತಟ್ಟೆ ಖಾಲಿ ಆಗಿತ್ತಲ್ಲ?"

"ನಿನ್ನ ಹಿತ್ತಲಿಗೆ ಆ ಕಪ್ಪು ಬಿಳಿ ಹಕ್ಕಿ ಬರ್ತದಲ್ಲ, ಅದಕ್ಕೆ ಹಾಕಿದೆ. ಮರುದಿನ ನಾನೇ ಅವರಲ್ಲಿಗೆ ಹೋಗಿ, ಮೊಟ್ಟೆ ತೋರಿಸಿ, ಬೇಡ ಅಂತ ಕೈಮುಗಿದೆ. ಅವರು ವಾಪಸ್ ಒಳಗಿಟ್ಟರು. ಅಷ್ಟೇ."

ಐದು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನೇ ಹೇಳ್ತಿ ಅಂತ ಕಾದೆ" ಅಂದಳು.

ಇವತ್ತು ಕಾವಲಿ ಒಲೆಯ ಮೇಲಿಟ್ಟೆ, ಮಜ್ಜಿಗೆ ಹಾಕಿದೆ. ಮೊದಲಿನ ಎರಡು ಹರಿದವು, ಮೂರನೆಯದು ಎದ್ದು ಬಂತು. ತೋರಿಸೋಣವೆಂದರೆ ಪಕ್ಕದ ಮನೆಯಲ್ಲಿ ಈಗ ಯಾರೋ ರೆಂಟ್‌ಗೆ ಇದ್ದಾರೆ. ಮಗಳ ಜೊತೆ ಸಿಡ್ನಿಗೆ ಹೊರಟ ದಿನ ಅಜ್ಜಿ ಕಾರು ಹತ್ತುವ ಮೊದಲು ನನ್ನ ಕೈ ಹಿಡಿದು, ಏನಾದರೂ ಹೇಳಲಿಕ್ಕಿದೆಯಾ ಎಂದು ಕೇಳಿದ್ದರು... ನಾನು, ದಾರಿಯಲ್ಲಿ ಚಳಿಯಾದೀತು, ಶಾಲು ಹೊದ್ದುಕೊಳ್ಳಿ ಎಂದಿದ್ದೆ.