ಕೆಂಪು ಟೋಪಿಯ ಒಂಟಿ ಸಾಲು

ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ರಸ್ತೆಯ ಪಕ್ಕದ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀಜಕ್ಕೆಂದೇ ಬೆಳೆಸಿದ ಬೆಂಡೆ ಗಿಡಗಳ ನಡುವೆ ಹೆಂಗಸರು ಇಬ್ಬಿಬ್ಬರಾಗಿ ಇಳಿಯುತ್ತಿದ್ದಾರೆ. ಒಬ್ಬಾಕೆ ಮೊಗ್ಗಿನ ಮೇಲಿನ ಕೆಂಪು ಕಾಗದದ ಟೋಪಿ ತೆಗೆದರೆ, ಹಿಂದಿನಾಕೆ ಬೇರೆ ತಳಿಯ ಗಂಡು ಹೂವನ್ನು ಅದರ ಮೇಲೆ ಮೆಲ್ಲಗೆ ಸವರಿ ಮತ್ತೆ ಟೋಪಿ ಹಾಕುತ್ತಾಳೆ. ಮಾತು, ನಗು, ಯಾರದೋ ಸೊಸೆಯ ಮೇಲಿನ ದೂರು ಎಲ್ಲವೂ ಸಾಲಿನ ಜೊತೆಗೇ ಸಾಗುತ್ತವೆ. ಬದುವಿಗೆ ಹತ್ತಿದ ಕೊನೆಯ ಸಾಲಿನಲ್ಲಿ ಮಾತ್ರ ಸದ್ದಿಲ್ಲ. ಅಲ್ಲಿ ಟೋಪಿ ತೆಗೆಯುವವರೂ ಹೂವು ಸವರುವವರೂ ಒಬ್ಬರೇ, ಕಳಕಮ್ಮ.

ನಲವತ್ತರ ಆಸುಪಾಸಿನ ಕಳಕಮ್ಮ ಬಹಳ ವರ್ಷಗಳಿಂದ ಎರಡು ತಳಿ ಕೂಡಿಸಿ ಬೀಜ ಮಾಡುವ ಈ ‘ಕ್ರಾಸಿಂಗ್’ ಕೆಲಸ ಮಾಡುತ್ತಿದ್ದಾರೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಪರಾಗವನ್ನೆಲ್ಲ ಕೆರೆದು ತೆಗೆದು ಟೋಪಿ ಹಾಕಬೇಕು. ಪರಾಗ ಉಳಿದರೆ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ, ಆ ಬೀಜ ಯಾರಿಗೂ ಬೇಡ. ದಿನಕ್ಕೆ ನೂರಾರು ಮೊಗ್ಗು. ಹಂಗಾಮು ಮುಗಿಯುವ ತನಕ ಈ ಹೆಂಗಸರು ಹೆಬ್ಬೆರಳ ಉಗುರು ಕತ್ತರಿಸುವುದಿಲ್ಲ.

ಕಳಕಮ್ಮನವರ ಮನಸ್ಸಿಗೆ ಮೊದಲಿನಿಂದಲೂ ಎರಡು ಹವೆ. ಕೆಲವು ವಾರ ಹಾಸಿಗೆ ಬಿಟ್ಟು ಏಳಲಾಗದು, ತಲೆ ಬಾಚಿಕೊಳ್ಳುವುದೂ ಬೆಟ್ಟದಂಥ ಕೆಲಸ. ಆಮೇಲೊಂದು ದಿನ ನಿದ್ದೆಯೇ ಬೇಡ. ಮಾತು ನಿಲ್ಲದು, ಕೈ ನಿಲ್ಲದು, ಓಣಿಗೆಲ್ಲ ಒಬ್ಬರೇ ರೊಟ್ಟಿ ಬಡಿದು ಹಂಚುವ ಉಮೇದು. ಮಲಗಿದಾಗ ಜನ ಸೋಮಾರಿ ಎಂದರು, ಉಮೇದು ಬಂದಾಗ ಶಹಬ್ಬಾಸ್ ಎಂದರು. ಮಲಗಿದ ದಿನಗಳಲ್ಲೊಮ್ಮೆ ಡಾಕ್ಟರ ಹತ್ತಿರ ಹೋದದ್ದೂ ಉಂಟು.

“ಡಾಕ್ಟರ್ ಮುಂದ ಬರೀ ಅಳೂದು ಹೇಳಿದ್ನಿರಿ. ಉಮೇದಿ ಇದ್ದಾಗಿಂದು ಯಾಕ ಹೇಳ್ಲಿ? ನಾನು ಛಲೋ ಇರೂದು ಆವಾಗ ಒಂದ ಅಂತ ತಿಳ್ಕೊಂಡಿದ್ನಿ,” ಎಂದು ಅವರ ಕತೆ ಕೇಳಲು ಹೊಲಕ್ಕೆ ಬಂದ ನನಗೆ ಹೇಳುತ್ತಾರೆ.

ಉಮೇದು ಮರಳಿದ್ದೇ ತಡ, ಗುಳಿಗೆಯನ್ನೂ ಬಿಟ್ಟರು, ಡಾಕ್ಟರನ್ನೂ ಬಿಟ್ಟರು.

ಹೋದ ವರ್ಷ ಅಂಥದ್ದೇ ಒಂದು ಸಂಜೆ ತಮ್ಮ ಸಾಲು ಮುಗಿಸಿ ಅಕ್ಕಪಕ್ಕದ ಸಾಲುಗಳಿಗೂ ಟೋಪಿ ಹಾಕಿಬಿಟ್ಟರು. ಹೊಲದ ತುಂಬ ಕೆಂಪು. ಮೇಲ್ವಿಚಾರಣೆಯ ಸಿದ್ದೇಶ ಎಲ್ಲರೆದುರು ಹೊಗಳಿದರು. ಬೆಳಿಗ್ಗೆ ಕಳಕಮ್ಮನವರ ಜೋಡಿಯಾಗಿದ್ದ ಪಾರಮ್ಮ ಟೋಪಿ ತೆಗೆದು ನೋಡಿದರೆ ಒಳಗೆ ಪರಾಗ ಹಾಗೆಯೇ ಇದೆ. ಒಂದರಲ್ಲಲ್ಲ, ಸಾಲಿಗೆ ಸಾಲೇ ಹಾಗೆ. ಕಳಕಮ್ಮ ಮೊಗ್ಗು ಸೀಳದೆ ಬರೀ ಟೋಪಿ ಹಾಕುತ್ತ ಹೋಗಿದ್ದರು. ಅಷ್ಟೂ ಹೂವನ್ನು ಕಿತ್ತು ಎಸೆಯಬೇಕಾಯಿತು.

“ಎಲ್ಲಾ ಸೀಳೀನಿ ಅಂತ ನನ್ನ ತಲ್ಯಾಗ ಇತ್ರಿ. ದೇವರಾಣಿ, ಸುಳ್ಳು ಹೇಳಿಲ್ಲ.”

ಅಲ್ಲಿಂದ ಮತ್ತೆ ಹಾಸಿಗೆ. ಆದರೆ ಈ ಸಲ ಏಳಲು ಆದ ಮೊದಲ ದಿನವೇ ಮನೋವೈದ್ಯರನ್ನು ಕಾಣಲು ಕೊಪ್ಪಳದ ಬಸ್ ಹತ್ತಿದರು. ಗಂಡ ಕೊಟ್ರಪ್ಪ ಹೊಸಪೇಟೆಯಲ್ಲಿ ಮನೆ ಕಟ್ಟುವ ಗೌಂಡಿ, ವಾರಕ್ಕೊಮ್ಮೆ ಬರುವವರು. ಓಣಿಯವರನ್ನು ಕರೆದರೆ ಒಬ್ಬರೂ ಜೊತೆಗೆ ಹೊರಡಲಿಲ್ಲ, ಹುಚ್ಚಿನ ಡಾಕ್ಟರ ಬಾಗಿಲಲ್ಲಿ ಕಾಣಿಸಿಕೊಳ್ಳಲು ಯಾರಿಗೆ ಇಷ್ಟ? “ನೀವು ಛಲೋ ಇದ್ದಾಗ ಎಷ್ಟು ನಿದ್ದಿ ಮಾಡ್ತೀರಿ?” ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು. ಟೋಪಿಯ ಕತೆಯನ್ನು ಕಳಕಮ್ಮ ಪೂರ್ತಿ ಹೇಳಿದ್ದು ಆಗಲೇ. ಇದು ಬೈಪೋಲಾರ್ ಎಂಬ ಕಾಯಿಲೆ ಇರಬಹುದು, ಉಮೇದಿನ ದಿನಗಳೂ ಅದರದ್ದೇ ಭಾಗ, ಕೆಲವು ತಿಂಗಳು ನೋಡಿ ಖಚಿತ ಮಾಡೋಣ, ಮಾತ್ರೆ ಮಾತ್ರ ಬಿಡಬೇಡಿ ಎಂದರಂತೆ ಡಾಕ್ಟರಮ್ಮ. ಅಂದಿನಿಂದ ತಿಂಗಳಿಗೊಮ್ಮೆ ಒಬ್ಬರೇ ಹೋಗಿ ಬರುತ್ತಾರೆ.

“ಕೇಳಿ ಭಾಳ ಅತ್ತೆನ್ರಿ. ಆಮ್ಯಾಲೆ ಸಮಾಧಾನನೂ ಆತು. ನಾ ಬೇಕಂತ ಮಾಡಿದ್ದಲ್ಲ ಅಂತ ಒಬ್ರರ ಹೇಳಿದ್ರಲ್ಲ.”

ಸಿದ್ದೇಶ ಕೆಲಸಕ್ಕೆ ಮರಳಿ ಕರೆದರು. ಜೋಡಿ ಮಾತ್ರ ಸಿಗಲಿಲ್ಲ. ಮಧ್ಯಾಹ್ನ ಬೇವಿನ ನೆರಳಲ್ಲಿ ಹೆಂಗಸರ ಗುಂಪು ಕೂತು ಪಲ್ಯ ಹಂಚಿಕೊಳ್ಳುವಾಗ ಕಳಕಮ್ಮ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ನನಗೂ ಒಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಾರೆ. ನೆರಳಿನ ಗುಂಪನ್ನು ನೋಡಿ ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

“ಪಾರಮ್ಮಂದು ತಪ್ಪಿಲ್ರಿ. ನನ್ನ ಸಂಗಾಟ ಆಕೀನೂ ಬೈಸ್ಕೊಂಡಾಳ.”

ಸಂಜೆ ಮತ್ತೆ ಮೊಗ್ಗು ಸೀಳುವ ಕೆಲಸ. ಈಗ ಕಳಕಮ್ಮ ಎಲ್ಲರಿಗಿಂತ ನಿಧಾನ. ಟೋಪಿ ಹಾಕುವ ಮುಂಚೆ ಪ್ರತಿ ಮೊಗ್ಗನ್ನೂ ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡುತ್ತಾರೆ. ಪಾರಮ್ಮ ತಮ್ಮ ಸಾಲು ಮುಗಿಸಿ ನಮ್ಮ ಪಕ್ಕದಲ್ಲೇ ದಾಟಿ ಹೋಗುತ್ತಾರೆ, ಈ ಕಡೆ ತಿರುಗುವುದಿಲ್ಲ. ತಡೆಯಲಾರದೆ ನಾನೇ ಒಂದು ಟೋಪಿ ಎತ್ತಿ ನೋಡಿ, ಎಷ್ಟು ಚೊಕ್ಕಟವಾಗಿದೆ ಎನ್ನುತ್ತೇನೆ.

“ನಿಮಗ ಏನ್ ತಿಳಿತೈತ್ರಿ, ಪಾಪ,” ಎಂದು ನಗುತ್ತ ಕಳಕಮ್ಮ ನನ್ನ ಕೈಯಿಂದ ಟೋಪಿ ತೆಗೆದುಕೊಂಡು ಮೊದಲಿನಂತೆ ಹಾಕುತ್ತಾರೆ. ಆಮೇಲೆ ಪಾರಮ್ಮ ಹೋದ ಕಡೆ ನೋಡುತ್ತಾರೆ.

“ಆಕಿ ಒಂದ್ ದಿನ ಬಂದು, ನಾ ಹಾಕಿದ ಟೋಪಿ ತಗದು ನೋಡ್ಬೇಕ್ರಿ. ತಪ್ಪಿದ್ರ ಬೈಲಿ. ನೋಡ್ಲಾರದ ಹೋಗೂದು ಬ್ಯಾಡ.”